ಟ್ರೆಗ್ ಕೋಶ, ಫಾಕ್ಸ್‌ಪಿ3 ಮತ್ತು ಸ್ಪ್ಲೈಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರೆಗ್ ಎಂಬ ರೋಗನಿರೋಧಕ ಕೋಶಗಳ ಮೇಲಿನ ಕೆಲಸಕ್ಕೆ 2025ರ ವೈದ್ಯವಿಜ್ಞಾನದ ನೊಬೆಲ್ ಬಂದದ್ದು ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಾಗುಚಿ ಅವರಿಗೆ. ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಒಂದಾದ ಮೇಲೊಂದು ಪ್ರಶ್ನೆ ಕಳಿಸತೊಡಗಿದರು. ಬಹಳಷ್ಟು ಮಂದಿ ಕೇಳಿದ್ದು ಕುತೂಹಲಕ್ಕಲ್ಲ. ಮನೆಯಲ್ಲಿ ಯಾರಿಗೋ ಸಂಧಿವಾತ, ಯಾರಿಗೋ ಥೈರಾಯ್ಡ್, ಯಾರಿಗೋ ಕ್ಯಾನ್ಸರ್. ನನ್ನ ಚಿಕ್ಕಮ್ಮನಿಗೇ ರುಮಟಾಯ್ಡ್ ಸಂಧಿವಾತ ಇದೆ. ಬೆಳಿಗ್ಗೆ ಎದ್ದು ಬೆರಳು ಮಡಚಲು ಅವರಿಗೆ ಮುಕ್ಕಾಲು ಗಂಟೆ ಬೇಕು. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ನೊಬೆಲ್ ಸುದ್ದಿಯಲ್ಲಿ ಬಾರದ ಒಂದು ವಿಷಯಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ: ಒಂದು ಜೀನ್ ದೇಹದಲ್ಲಿ ಇದ್ದರೆ ಸಾಲದು, ಅದರ ಪ್ರತಿಯನ್ನು ಕೋಶ ಹೇಗೆ ಕತ್ತರಿಸಿ ಜೋಡಿಸಿಕೊಂಡಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈ ಕತ್ತರಿಸಿ ಜೋಡಿಸುವುದಕ್ಕೇ ಸ್ಪ್ಲೈಸಿಂಗ್ ಎಂದು ಹೆಸರು.

ಟ್ರೆಗ್ ಕೋಶ ಅಂದರೆ ಯಾವುದು?

ನಮ್ಮ ರಕ್ತದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳು ಒಂದು ಬಗೆ. ಅವುಗಳಲ್ಲಿ ಹೆಚ್ಚಿನವು ಸೋಂಕಿನ ಮೇಲೆ ಎರಗಲು ಇರುವವು. ಸಣ್ಣದೊಂದು ಪಾಲು ಮಾತ್ರ ಆ ಎರಗುವಿಕೆಯನ್ನು ಹಿಡಿತದಲ್ಲಿಡುತ್ತದೆ. ಇವೇ ನಿಯಂತ್ರಕ ಟಿ ಕೋಶಗಳು, ಚಿಕ್ಕದಾಗಿ ಟ್ರೆಗ್. ನಮ್ಮದೇ ಕೀಲು, ನಮ್ಮದೇ ಕರುಳು, ನಮ್ಮದೇ ಮೇದೋಜೀರಕ ಗ್ರಂಥಿಯನ್ನು ಶತ್ರು ಎಂದು ತಿಳಿದು ಹೊಡೆಯಲು ಹೊರಟ ಕೋಶವನ್ನು ತಡೆಯುವುದು ಇವುಗಳ ಕೆಲಸ. ಇವು ಸೋತರೆ ಆಟೊಇಮ್ಯೂನ್ ಕಾಯಿಲೆ. ಬೇಡದ ಜಾಗದಲ್ಲಿ, ಅಂದರೆ ಗಡ್ಡೆಯೊಳಗೆ, ಇವು ಬಲವಾಗಿ ಬೇರೂರಿದರೆ ಕ್ಯಾನ್ಸರಿಗೆ ರಕ್ಷಣೆ.

1995ರಲ್ಲಿ ಸಕಾಗುಚಿ ಈ ಕೋಶಗಳನ್ನು ಗುರುತಿಸಿದಾಗ ನಂಬಿದವರು ಕಡಿಮೆ. ತಡೆಯುವ ಟಿ ಕೋಶಗಳ ಬಗ್ಗೆ 1970ರ ದಶಕದಲ್ಲಿ ಎದ್ದಿದ್ದ ವಾದಗಳು ಪುರಾವೆ ಸಾಲದೆ ಬಿದ್ದುಹೋಗಿದ್ದವು. ಆ ವಿಷಯ ಎತ್ತಿದರೇ ಜನ ಮುಖ ತಿರುಗಿಸುವ ಕಾಲ ಅದು. ಅವರು ಬಿಡದೆ ಹಿಡಿದದ್ದರಿಂದ ನಾವಿಂದು ಇದನ್ನು ಮಾತಾಡುತ್ತಿದ್ದೇವೆ.

ಫಾಕ್ಸ್‌ಪಿ3 ಎಂಬ ಹೆಸರು ಎಲ್ಲ ಕಡೆ ಬರುತ್ತದೆ. ಅದೇನು?

ಅದೊಂದು ಜೀನ್, ಅದರಿಂದ ತಯಾರಾಗುವ ಪ್ರೋಟೀನಿಗೂ ಅದೇ ಹೆಸರು. ಒಂದು ಟಿ ಕೋಶ ಟ್ರೆಗ್ ಆಗಬೇಕಾದರೆ, ಆದ ಮೇಲೆ ಟ್ರೆಗ್ ಆಗಿಯೇ ಉಳಿಯಬೇಕಾದರೆ, ಈ ಪ್ರೋಟೀನ್ ಬೇಕು. ಇದು ಡಿಎನ್‌ಎ ಮೇಲೆ ಕೂತು ನೂರಾರು ಜೀನ್‌ಗಳಲ್ಲಿ ಕೆಲವನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ.

ಇದು ಸಿಕ್ಕಿದ ಕತೆ ದೊಡ್ಡದು. 1949ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಕೆಲವು ಗಂಡು ಇಲಿಮರಿಗಳು ಚರ್ಮ ಹೊಪ್ಪಳೆಯೆದ್ದು, ಗುಲ್ಮ ಊದಿ, ಕೆಲವೇ ವಾರಗಳಲ್ಲಿ ಸಾಯತೊಡಗಿದವು. ಆ ತಳಿಗೆ ಸ್ಕರ್ಫಿ ಎಂದು ಹೆಸರಿಟ್ಟರು. ಯಾವ ಜೀನ್ ಕೆಟ್ಟಿದೆ ಎಂದು ಪತ್ತೆಯಾಗಲು ಅರ್ಧ ಶತಮಾನ ಬೇಕಾಯಿತು. ವಾಷಿಂಗ್ಟನ್ ರಾಜ್ಯದ ಬಾಥೆಲ್‌ನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಬ್ರಂಕೋ ಮತ್ತು ರಾಮ್ಸ್‌ಡೆಲ್ ಎಕ್ಸ್ ಕ್ರೋಮೊಸೋಮನ್ನು ಜಾಲಾಡಿ 2001ರಲ್ಲಿ ಫಾಕ್ಸ್‌ಪಿ3 ತೋರಿಸಿಕೊಟ್ಟರು. ಅದೇ ವರ್ಷ, ಐಪೆಕ್ಸ್ ಎಂಬ ಅಪರೂಪದ, ಎಳೆಯದರಲ್ಲೇ ಶುರುವಾಗುವ ಆಟೊಇಮ್ಯೂನ್ ಕಾಯಿಲೆಯ ಗಂಡುಮಕ್ಕಳಲ್ಲೂ ಕೆಟ್ಟಿರುವುದು ಇದೇ ಜೀನ್ ಎಂದು ಸಾಬೀತಾಯಿತು. 2003ರಲ್ಲಿ ಸಕಾಗುಚಿ, ರಾಮ್ಸ್‌ಡೆಲ್ ಮತ್ತು ಅಲೆಕ್ಸಾಂಡರ್ ರುಡೆನ್‌ಸ್ಕಿ ಅವರ ತಂಡಗಳು ಬೇರೆ ಬೇರೆಯಾಗಿ ಎರಡೂ ಎಳೆಗಳನ್ನು ಗಂಟು ಹಾಕಿದವು: ಸಕಾಗುಚಿ ಹೇಳಿದ ಕೋಶದ ಯಜಮಾನ ಈ ಜೀನೇ.

ಸ್ಪ್ಲೈಸಿಂಗ್ ಅಂದರೆ ಬಿಟಿ ಹತ್ತಿ ಮಾಡಿದ ಹಾಗೆ ಜೀನ್ ಕತ್ತರಿಸಿ ಸೇರಿಸುವುದೇ?

ಅಲ್ಲ. ಈ ಗೊಂದಲ ಸಹಜ, ಏಕೆಂದರೆ ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಪದ ಬಳಸಿದ್ದುಂಟು. ಬಿಟಿ ಹತ್ತಿಯಲ್ಲಿ ಮನುಷ್ಯರು ಬ್ಯಾಕ್ಟೀರಿಯಾದ ಜೀನನ್ನು ಗಿಡದ ಡಿಎನ್‌ಎಗೆ ಸೇರಿಸಿದರು. ನಾನು ಹೇಳುತ್ತಿರುವ ಸ್ಪ್ಲೈಸಿಂಗ್ ಈ ಕ್ಷಣದಲ್ಲಿ ನಿಮ್ಮ ದೇಹದಲ್ಲಿ ಕೋಶಕೇಂದ್ರ ಇರುವ ಕೋಶಗಳಲ್ಲೆಲ್ಲ ತಾನಾಗಿಯೇ ನಡೆಯುತ್ತಿದೆ. ಡಿಎನ್‌ಎಯನ್ನು ಯಾರೂ ಮುಟ್ಟುವುದಿಲ್ಲ. ಅದರಿಂದ ತೆಗೆದ ನಕಲು ಪ್ರತಿ, ಅಂದರೆ ಆರ್‌ಎನ್‌ಎ, ಅದನ್ನು ಮಾತ್ರ ಕತ್ತರಿಸಿ ಜೋಡಿಸಲಾಗುತ್ತದೆ.

ನಕಲು ಪ್ರತಿಯಲ್ಲಿ ಪ್ರೋಟೀನಿಗೆ ಬೇಕಾದ ತುಣುಕುಗಳ ನಡುವೆ ಉದ್ದುದ್ದದ ಬೇಡದ ಭಾಗಗಳಿರುತ್ತವೆ. ಬೇಕಾದ ತುಣುಕು ಎಕ್ಸಾನ್, ನಡುವಿನದು ಇಂಟ್ರಾನ್. ಇಂಟ್ರಾನ್ ತೆಗೆದುಹಾಕಿ ಎಕ್ಸಾನ್‌ಗಳನ್ನು ಸಾಲಾಗಿ ಬೆಸೆಯುವ ಕೆಲಸವೇ ಸ್ಪ್ಲೈಸಿಂಗ್. 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ನೆಗಡಿ ತರುವ ಅಡಿನೊವೈರಸ್‌ನಲ್ಲಿ ಇದನ್ನು ಮೊದಲು ಕಂಡವು. 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಎಲ್ಲ ಎಕ್ಸಾನ್‌ಗಳನ್ನೂ ಪ್ರತಿ ಸಲ ಸೇರಿಸಲೇಬೇಕೆಂಬ ನಿಯಮವಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಹನ್ನೊಂದು ಎಕ್ಸಾನ್ ಇರುವ ಜೀನ್ ಒಂದನ್ನು ತೆಗೆದುಕೊಂಡರೆ, ಒಂದು ಸಲ ಹನ್ನೊಂದೂ ಸೇರಬಹುದು, ಇನ್ನೊಂದು ಸಲ ಎರಡನೆಯದನ್ನು ಬಿಟ್ಟು ಹತ್ತು ಸೇರಬಹುದು. ಒಂದೇ ಜೀನ್, ಎರಡು ಪ್ರೋಟೀನ್. ನಮ್ಮಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000 ಮಾತ್ರ. ಒಂದಕ್ಕಿಂತ ಹೆಚ್ಚು ಎಕ್ಸಾನ್ ಇರುವ ಜೀನ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಹೀಗೆ ಬೇರೆ ಬೇರೆ ರೂಪ ತಾಳುತ್ತವೆ.

ನಡುವಿನ ಒಂದು ತುಣುಕು ಬಿಟ್ಟರೆ ಇಡೀ ಪ್ರೋಟೀನ್ ಹಾಳಾಗುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ಕೋಶ ಆರ್‌ಎನ್‌ಎ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ; ಪ್ರತಿ ಮೂರಕ್ಕೆ ಪ್ರೋಟೀನ್ ಸರದ ಒಂದು ಮಣಿ, ಅಂದರೆ ಒಂದು ಅಮೈನೊ ಆಮ್ಲ. "ರಾಮನು ಬೇಗನೆ ಕಾಡಿಗೆ ಹೋದನು" ಎಂಬ ವಾಕ್ಯ ತೆಗೆದುಕೊಳ್ಳಿ. ಪ್ರತಿ ಪದಕ್ಕೂ ಮೂರೇ ಅಕ್ಷರ. "ಬೇ" ಒಂದನ್ನು ಅಳಿಸಿ ಮತ್ತೆ ಮೂರು ಮೂರಾಗಿ ಓದಿದರೆ "ರಾಮನು ಗನೆಕಾ ಡಿಗೆಹೋ ದನು" ಎಂದಾಗುತ್ತದೆ; ಅರ್ಥವೇ ಇಲ್ಲ. "ಬೇಗನೆ" ಎಂಬ ಪೂರ್ತಿ ಪದ ತೆಗೆದರೆ ವಾಕ್ಯ ನಿಲ್ಲುತ್ತದೆ, ಅವಸರದ ವಿವರವಷ್ಟೇ ಹೋಗುತ್ತದೆ.

ಫಾಕ್ಸ್‌ಪಿ3ಯ ಎಕ್ಸಾನ್ 2ರಲ್ಲಿ ಇರುವುದು 105 ಅಕ್ಷರ, ಅಂದರೆ ಸರಿಯಾಗಿ 35 ಅಮೈನೊ ಆಮ್ಲ. ಎಕ್ಸಾನ್ 7ರಲ್ಲಿ 81 ಅಕ್ಷರ, 27 ಅಮೈನೊ ಆಮ್ಲ. ಎರಡೂ ಮೂರರಿಂದ ಭಾಗವಾಗುತ್ತವೆ. ಆದ್ದರಿಂದ ಇವನ್ನು ಬಿಟ್ಟರೂ ಉಳಿದ ಪ್ರೋಟೀನ್ ನೆಟ್ಟಗೇ ತಯಾರಾಗುತ್ತದೆ. ಆದರೆ ಬಿಟ್ಟುಹೋದ ವಿವರ ಅವಸರದಷ್ಟು ಸಣ್ಣದಲ್ಲ.

ಹಾಗಾದರೆ ಫಾಕ್ಸ್‌ಪಿ3ಗೆ ಎಷ್ಟು ರೂಪಗಳಿವೆ?

ಮನುಷ್ಯರಲ್ಲಿ ಮುಖ್ಯವಾದವು ಎರಡು: 431 ಅಮೈನೊ ಆಮ್ಲಗಳ ಪೂರ್ಣ ರೂಪ ಮತ್ತು ಎಕ್ಸಾನ್ 2 ಇಲ್ಲದ ಗಿಡ್ಡ ರೂಪ. ಎಕ್ಸಾನ್ 2 ಮತ್ತು 7 ಎರಡನ್ನೂ ಕಳೆದುಕೊಂಡ ಮೂರನೆಯ ರೂಪವೂ ಕಡಿಮೆ ಪ್ರಮಾಣದಲ್ಲಿ ಸಿಗುತ್ತದೆ. ಗಿಡ್ಡ ರೂಪ ಎಂದ ಕೂಡಲೇ ರೋಗದ ಗುರುತು ಎಂದುಕೊಳ್ಳಬೇಡಿ. ಆರೋಗ್ಯವಂತರ ಟ್ರೆಗ್ ಕೋಶಗಳಲ್ಲೂ ಎರಡೂ ಒಟ್ಟಿಗೆ ಇರುತ್ತವೆ. ತೊಂದರೆ ಶುರುವಾಗುವುದು ಪೂರ್ಣ ರೂಪ ತೀರಾ ಇಳಿದಾಗ.

ಎಕ್ಸಾನ್ 2 ಮುಖ್ಯ ಎಂದು ಹೇಗೆ ಗೊತ್ತಾಯಿತು?

ಈ ಇಡೀ ವಿಷಯದಲ್ಲಿ ನನಗೆ ಅತಿ ಹತ್ತಿರವಾದ ಭಾಗ ಇದು. ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ.

2005ರ ಸುಮಾರಿಗೆ ಸಂಶೋಧಕರು ಎರಡೂ ರೂಪಗಳನ್ನು ಬೇರೆ ಬೇರೆಯಾಗಿ ಟಿ ಕೋಶಗಳೊಳಗೆ ಸೇರಿಸಿ ನೋಡಿದರು. ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡೂ ಡಿಎನ್‌ಎಗೆ ಅಂಟಿಕೊಳ್ಳುತ್ತವೆ, ಎರಡೂ ಇತರ ಟಿ ಕೋಶಗಳ ದಾಳಿಯನ್ನು ಒಂದಷ್ಟು ತಡೆಯುತ್ತವೆ. 2008ರಲ್ಲಿ ಒಂದು ಸುಳಿವು ಬಂತು. ಆರ್‌ಒಆರ್-ಗಾಮಾ-ಟಿ ಎಂಬ ಇನ್ನೊಂದು ಪ್ರೋಟೀನ್ ಇದೆ. ಇದು ಟಿ ಕೋಶವನ್ನು ಉರಿಯೂತದ ದಾರಿಗೆ ಎಳೆಯುತ್ತದೆ. ಆ ದಾರಿ ಹಿಡಿದ ಕೋಶಕ್ಕೆ ಟಿಎಚ್17 ಎಂದು ಹೆಸರು. ಅದು ಸುರಿಸುವ ಐಎಲ್-17 ಎಂಬ ಸಂದೇಶವಾಹಕ ಕೀಲು, ಕರುಳು, ಚರ್ಮಗಳಲ್ಲಿ ಉರಿ ಎಬ್ಬಿಸುತ್ತದೆ. ಫಾಕ್ಸ್‌ಪಿ3 ಈ ಆರ್‌ಒಆರ್-ಗಾಮಾ-ಟಿಯನ್ನು ಹಿಡಿದು ಕೂರಿಸುತ್ತದೆ. ಹಿಡಿಯಲು ಬೇಕಾದ ಕೈ ಇರುವುದು ಎಕ್ಸಾನ್ 2ರಲ್ಲಿ. ಗಿಡ್ಡ ರೂಪಕ್ಕೆ ಆ ಕೈ ಇಲ್ಲ.

ಇದೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು. ಮನುಷ್ಯರ ದೇಹದಲ್ಲಿ ಗಿಡ್ಡ ರೂಪ ಮಾತ್ರ ಇದ್ದರೆ ಏನಾಗುತ್ತದೆ? ಇದನ್ನು ಪ್ರಯೋಗ ಮಾಡಿ ನೋಡುವಂತಿಲ್ಲ. ಆದರೆ ಕೆಲವು ಕುಟುಂಬಗಳಲ್ಲಿ ಪ್ರಕೃತಿಯೇ ಆ ಸ್ಥಿತಿ ತಂದಿಟ್ಟಿತ್ತು. ಅವರ ಜೀನ್‌ನಲ್ಲಿ ತಪ್ಪು ಇದ್ದದ್ದು ಎಕ್ಸಾನ್ 2ರ ಒಳಗೆ ಮಾತ್ರ. ಪೂರ್ಣ ರೂಪ ತಯಾರಿಸ ಹೊರಟರೆ ಆ ತಪ್ಪು ಅಡ್ಡ ಬಂದು ಪ್ರೋಟೀನ್ ಮುರಿಯುತ್ತದೆ. ಗಿಡ್ಡ ರೂಪವಾದರೋ ಎಕ್ಸಾನ್ 2ನ್ನು ಹೇಗಿದ್ದರೂ ಬಿಟ್ಟೇ ಹೋಗುತ್ತದೆ. ತಪ್ಪೂ ಅದರ ಜೊತೆಗೇ ಹೋಗುತ್ತದೆ. ಹೀಗಾಗಿ ಅವರ ದೇಹದಲ್ಲಿ ಗಿಡ್ಡ ರೂಪವೊಂದೇ, ಯಾವ ಕುಂದೂ ಇಲ್ಲದೆ, ತಯಾರಾಗುತ್ತಿತ್ತು. ಎರಡು ರೂಪಗಳೂ ಒಂದೇ ಎಂಬುದು ನಿಜವಾಗಿದ್ದರೆ ಅವರು ಆರೋಗ್ಯವಾಗಿರಬೇಕಿತ್ತು. ಅವರಿಗೆ ಆಟೊಇಮ್ಯೂನ್ ಕಾಯಿಲೆ ಬಂದಿತ್ತು.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿತು. ಎಕ್ಸಾನ್ 2 ಇಲ್ಲದ ಇಲಿಗಳನ್ನೂ ಅವರು ತಯಾರಿಸಿದರು. ಅವುಗಳಿಗೂ ಆಟೊಇಮ್ಯೂನ್ ತೊಂದರೆ ಬಂತು. ಆ ಇಲಿಗಳಲ್ಲಿ ಟ್ರೆಗ್ ಕೋಶಗಳು ಹುಟ್ಟುತ್ತಿದ್ದವು, ಆದರೆ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಕಾವಲಿಗೆ ಬಂದ ಕೋಶ ಕಾಲಕ್ರಮೇಣ ಫಾಕ್ಸ್‌ಪಿ3 ಕಳೆದುಕೊಂಡು ದಾಳಿಕೋರರ ಕಡೆ ವಾಲುತ್ತಿತ್ತು. ಎಕ್ಸಾನ್ 2ರ ಕೆಲಸ ಟ್ರೆಗ್ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಟ್ರೆಗ್ಅನ್ನು ಟ್ರೆಗ್ ಆಗಿ ಉಳಿಸುವುದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಎಕ್ಸಾನ್ 7 ಬಿಟ್ಟುಹೋದರೆ?

ಅದು ಇನ್ನೂ ಗಂಭೀರ. ಫಾಕ್ಸ್‌ಪಿ3 ಪ್ರೋಟೀನ್‌ಗಳು ಜೋಡಿಯಾಗಿ ಕೆಲಸ ಮಾಡಲು ಬೇಕಾದ ಕೊಂಡಿ, ಲ್ಯೂಸಿನ್ ಜಿಪ್ಪರ್, ಇರುವುದು ಈ ತುಣುಕಿನ ಭಾಗದಲ್ಲಿ. ಇಲ್ಲಿನ 251ನೆಯ ಅಮೈನೊ ಆಮ್ಲವೊಂದೇ ಇಲ್ಲವಾದರೂ ಐಪೆಕ್ಸ್ ಬಂದದ್ದುಂಟು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉರಿಯೂತದ ಸಮಯದಲ್ಲಿ ಹೆಚ್ಚುವ ಐಎಲ್-1ಬೀಟಾ ಎಂಬ ಸಂದೇಶವಾಹಕವೇ ಎಕ್ಸಾನ್ 7 ಬಿಟ್ಟುಹೋಗುವಂತೆ ಮಾಡುತ್ತದೆ, ಟಿಎಚ್17 ದಾರಿಗೆ ತಳ್ಳುತ್ತದೆ ಎಂದು ಕಂಡಿತು. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯವರ ಅಂಗಾಂಶದಲ್ಲಿ ಈ ರೂಪ ಐಎಲ್-17ರ ಜೊತೆಜೊತೆಗೇ ಏರುತ್ತಿತ್ತು. ಉರಿಯೇ ಕಾವಲುಗಾರನ ಪ್ರತಿಯನ್ನು ತಿದ್ದಿ, ಇನ್ನಷ್ಟು ಉರಿಗೆ ದಾರಿ ಮಾಡಿಕೊಡುವ ವಿಷವರ್ತುಲ ಇದು.

ಇಲಿಗಳ ಮೇಲೆ ಇಷ್ಟು ಸಂಶೋಧನೆ ನಡೆದರೂ ಇದು ಮೊದಲೇ ಏಕೆ ಕಾಣಲಿಲ್ಲ?

ಇಲಿಗಳು ಸಹಜವಾಗಿ ಎಕ್ಸಾನ್ 2 ಇಲ್ಲದ ರೂಪವನ್ನು ತಯಾರಿಸುವುದೇ ಇಲ್ಲ. ಅವುಗಳಲ್ಲಿ ಇರುವುದು ಪೂರ್ಣ ರೂಪ ಮಾತ್ರ. ಟ್ರೆಗ್ ಬಗ್ಗೆ ನಮಗೆ ತಿಳಿದಿರುವ ಹೆಚ್ಚಿನದನ್ನು ಇಲಿಗಳಿಂದ ಕಲಿತ ಕಾರಣ, ಮನುಷ್ಯರಲ್ಲಿರುವ ಈ ಇಡೀ ಪದರ ಬಹಳ ಕಾಲ ಬದಿಗೆ ಉಳಿಯಿತು. ಇಲಿಯಲ್ಲಿ ಗುಣವಾಯಿತು ಎಂಬ ಸುದ್ದಿ ಓದಿದಾಗಲೆಲ್ಲ ಇದನ್ನು ನೆನಪಿಡಿ. ಇಲಿಗಳ ಕೆಲಸ ವ್ಯರ್ಥ ಎಂದಲ್ಲ, ಸ್ಕರ್ಫಿ ಇಲ್ಲದಿದ್ದರೆ ಈ ಜೀನೇ ಸಿಗುತ್ತಿರಲಿಲ್ಲ. ಆದರೆ ಈ ಪ್ರಶ್ನೆಗೆ ಮನುಷ್ಯರ ಕೋಶವನ್ನೇ ಕೇಳಬೇಕು.

ಯಾವ ತುಣುಕು ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ಯಾರು?

ಕತ್ತರಿಸಿ ಜೋಡಿಸುವ ಯಂತ್ರಕ್ಕೆ ಸ್ಪ್ಲೈಸೊಸೋಮ್ ಎಂದು ಹೆಸರು. ಐದು ಸಣ್ಣ ಆರ್‌ಎನ್‌ಎಗಳು ಮತ್ತು ನೂರಕ್ಕೂ ಹೆಚ್ಚು ಪ್ರೋಟೀನ್‌ಗಳು ಪ್ರತಿ ಕೆಲಸಕ್ಕೂ ಒಂದೆಡೆ ಸೇರಿ, ಮುಗಿದ ಮೇಲೆ ಬೇರೆಯಾಗುತ್ತವೆ. ಎಲ್ಲಿ ಕತ್ತರಿಸಬೇಕೆಂಬ ಗುರುತು ಆರ್‌ಎನ್‌ಎ ಮೇಲೇ ಬರೆದಿರುತ್ತದೆ. ಗುರುತು ಗಾಢವಾಗಿದ್ದರೆ ಕೆಲಸ ಸುಲಭ. ಮಸುಕಾಗಿದ್ದರೆ ಬೇರೆ ಪ್ರೋಟೀನ್‌ಗಳ ನೆರವು ಬೇಕು.

ಫಾಕ್ಸ್‌ಪಿ3ಯ ಇಂಟ್ರಾನ್‌ಗಳ ಮೇಲಿನ ಗುರುತು ಮಸುಕು. ಡಿಡಿಎಕ್ಸ್39ಬಿ ಎಂಬ ಪ್ರೋಟೀನ್ ಕಡಿಮೆಯಾದರೆ ಈ ಇಂಟ್ರಾನ್‌ಗಳು ಸರಿಯಾಗಿ ಹೋಗುವುದೇ ಇಲ್ಲ, ಫಾಕ್ಸ್‌ಪಿ3 ಪ್ರೋಟೀನ್ ಕುಸಿಯುತ್ತದೆ ಎಂದು 2023ರಲ್ಲಿ ತೋರಿಸಲಾಯಿತು. ಯಜಮಾನನಂಥ ಜೀನ್ ಇಷ್ಟು ಸಣ್ಣ ಆಧಾರದ ಮೇಲೆ ನಿಂತಿದೆ ಎಂಬುದು ನನಗೆ ಇನ್ನೂ ಅಚ್ಚರಿ.

ಕೋಶದ ಊಟವೂ ಪಾತ್ರ ವಹಿಸುತ್ತದೆ. 2015ರಲ್ಲಿ ಇಟಲಿಯ ನೇಪಲ್ಸ್‌ನ ಜುಸೆಪ್ಪೆ ಮಾತಾರೆಸೆ ಅವರ ತಂಡ, ಟಿ ಕೋಶ ಗ್ಲೂಕೋಸ್ ಒಡೆಯುವ ಕೆಲಸ ಕುಗ್ಗಿದಾಗ ಎಕ್ಸಾನ್ 2 ಇರುವ ಫಾಕ್ಸ್‌ಪಿ3 ಕೂಡ ಕುಗ್ಗುತ್ತದೆ ಎಂದು ಕಂಡಿತು. ಗ್ಲೂಕೋಸ್ ಒಡೆಯುವ ಕಿಣ್ವಗಳಲ್ಲೊಂದಾದ ಇನೊಲೇಸ್-1, ಆ ಕೆಲಸ ಇಲ್ಲದಾಗ ಕೋಶಕೇಂದ್ರಕ್ಕೆ ಹೋಗಿ ಫಾಕ್ಸ್‌ಪಿ3 ಜೀನ್ ಮೇಲೆ ಕೂತು ಆ ರೂಪವನ್ನು ತಗ್ಗಿಸುತ್ತದೆ. ಮಿದುಳು, ಬೆನ್ನುಹುರಿಯ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಟೈಪ್ 1 ಮಧುಮೇಹದವರಲ್ಲಿ ಈ ವ್ಯವಸ್ಥೆ ಸೊರಗಿತ್ತು.

ಅಂದರೆ ಸಿಹಿ ಹೆಚ್ಚು ತಿಂದರೆ ಟ್ರೆಗ್ ಹೆಚ್ಚುತ್ತದೆಯೇ?

ದಯವಿಟ್ಟು ಹಾಗೆ ತಿಳಿಯಬೇಡಿ. ಇದು ಒಂದು ಕೋಶದೊಳಗಿನ ಸಂಗತಿ. ತಟ್ಟೆಯಲ್ಲಿರುವ ಅನ್ನಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ.

ಫಾಕ್ಸ್‌ಪಿ3 ಒಂದರಲ್ಲೇ ಹೀಗಾಗುತ್ತದೆಯೇ?

ಇಲ್ಲ. ಸಿಟಿಎಲ್‌ಎ-4 ನೋಡಿ. ಇದು ಟ್ರೆಗ್ ಕೋಶದ ಮೈಮೇಲಿನ ಪ್ರೋಟೀನ್. ದಾಳಿ ಶುರು ಮಾಡಲು ಬೇಕಾದ ಸಿಡಿ80, ಸಿಡಿ86 ಎಂಬ ಸಂಕೇತಗಳನ್ನು ಇದು ಇತರ ಕೋಶಗಳ ಮೈಯಿಂದ ಕಿತ್ತುಕೊಳ್ಳುತ್ತದೆ. ಇದರ ಆರ್‌ಎನ್‌ಎಯಲ್ಲಿ ಪ್ರೋಟೀನನ್ನು ಕೋಶದ ಪೊರೆಗೆ ಕಟ್ಟಿಹಾಕುವ ತುಣುಕನ್ನು ಬಿಟ್ಟರೆ, ರಕ್ತದಲ್ಲಿ ತೇಲುವ ರೂಪ ತಯಾರಾಗುತ್ತದೆ. ಗ್ರೇವ್ಸ್ ಎಂಬ ಥೈರಾಯ್ಡ್ ಕಾಯಿಲೆ ಮತ್ತು ಟೈಪ್ 1 ಮಧುಮೇಹದ ಅಪಾಯ ಹೆಚ್ಚಿಸುವ ಜೀನ್ ಬದಲಾವಣೆ ಇರುವವರಲ್ಲಿ ಈ ತೇಲುವ ರೂಪದ ಆರ್‌ಎನ್‌ಎ ಕಡಿಮೆ ಎಂದು 2003ರಲ್ಲಿ ವರದಿಯಾಯಿತು. ಸಂಧಿವಾತಕ್ಕೆ 2005ರಿಂದ ಬಳಕೆಯಲ್ಲಿರುವ ಅಬಟಾಸೆಪ್ಟ್ ಎಂಬ ಚುಚ್ಚುಮದ್ದು ಇದೆಯಲ್ಲ, ಅದು ಕಾರ್ಖಾನೆಯಲ್ಲಿ ತಯಾರಿಸಿದ ತೇಲುವ ಸಿಟಿಎಲ್‌ಎ-4 ಎಂದರೆ ತಪ್ಪಿಲ್ಲ. ದೇಹದಲ್ಲಿ ಹೆಚ್ಚು ಕಾಲ ಉಳಿಯಲೆಂದು ಅದಕ್ಕೆ ಆಂಟಿಬಾಡಿಯ ಬಾಲವೊಂದನ್ನು ಸೇರಿಸಿದ್ದಾರೆ.

ಐಎಲ್-7 ಎಂಬ ಸಂದೇಶವಾಹಕವನ್ನು ಹಿಡಿಯುವ ಗ್ರಾಹಕ ಪ್ರೋಟೀನಿನ ಎಕ್ಸಾನ್ 6ರಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಆ ತುಣುಕು ಹೆಚ್ಚು ಬಿಟ್ಟುಹೋಗುವಂತೆ ಮಾಡಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಪಾಯವನ್ನು ಸ್ವಲ್ಪ ಏರಿಸುತ್ತದೆ. ಇದು 2007ರಲ್ಲಿ ತಿಳಿದದ್ದು. ಇಲ್ಲೂ ಆ ಡಿಡಿಎಕ್ಸ್39ಬಿಯ ಕೈ ಇದೆ.

ಕ್ಯಾನ್ಸರಿನಲ್ಲಿ ಇದೇ ಕೋಶ ಶತ್ರುವಾಗುವುದು ಹೇಗೆ?

ಕೋಶ ಬದಲಾಗಿಲ್ಲ, ಜಾಗ ಬದಲಾಗಿದೆ. ಗಡ್ಡೆಯೂ ನಮ್ಮದೇ ಕೋಶಗಳಿಂದ ಆದದ್ದು. ಟ್ರೆಗ್ ಅದನ್ನು ಕಾಯುವ ಕೆಲಸವನ್ನೇ ಮಾಡುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಗಡ್ಡೆಯೊಳಗೆ ಟ್ರೆಗ್ ಹೆಚ್ಚಿದ್ದವರು ಕಡಿಮೆ ಕಾಲ ಬದುಕಿದರು ಎಂದು 2004ರಲ್ಲಿ ಕಂಡುಬಂತು. ಆದರೆ ಎಲ್ಲ ಕ್ಯಾನ್ಸರಿಗೂ ಈ ಲೆಕ್ಕ ಹೊಂದುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಫಾಕ್ಸ್‌ಪಿ3 ಇರುವ ಕೋಶಗಳು ಹೆಚ್ಚಿದ್ದವರಲ್ಲಿ ಕೆಲವರು ಚೆನ್ನಾಗಿಯೇ ಇದ್ದರು. 2016ರಲ್ಲಿ ಸಕಾಗುಚಿ ಅವರ ತಂಡ ಕಾರಣ ತೋರಿಸಿತು: ಫಾಕ್ಸ್‌ಪಿ3 ಅಲ್ಪಸ್ವಲ್ಪ ಇರುವ ಕೋಶಗಳೆಲ್ಲ ತಡೆಯುವ ಕೋಶಗಳಲ್ಲ, ಅವುಗಳಲ್ಲಿ ಉರಿಯೂತದ ಕೋಶಗಳೂ ಇವೆ. ಎಷ್ಟು ಕೋಶ ಎಂದು ಎಣಿಸಿದರೆ ಸಾಲದು, ಎಂಥ ಕೋಶ ಎಂದು ನೋಡಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಸ್ಪ್ಲೈಸಿಂಗ್ ಇಲ್ಲಿ ಎಲ್ಲಿ ಬರುತ್ತದೆ? ವೇಗವಾಗಿ ಬೆಳೆಯುವ ಗಡ್ಡೆ ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಹೊರಹಾಕುತ್ತದೆ. ಆ ಹುಳಿ ವಾತಾವರಣದಲ್ಲಿ ದಾಳಿ ಮಾಡುವ ಟಿ ಕೋಶಗಳು ಸೊರಗುತ್ತವೆ, ಟ್ರೆಗ್ ಮಾತ್ರ ಅದನ್ನೇ ಉಂಡು ನಿಲ್ಲಬಲ್ಲದು. 2024ರ ಅಧ್ಯಯನವೊಂದರ ಪ್ರಕಾರ ಲ್ಯಾಕ್ಟೇಟ್ ಇನ್ನೂ ಒಂದು ಕೆಲಸ ಮಾಡುತ್ತದೆ: ಯುಎಸ್‌ಪಿ39 ಎಂಬ ಸ್ಪ್ಲೈಸಿಂಗ್ ಪ್ರೋಟೀನಿನ ಮೂಲಕ ಟ್ರೆಗ್ ಕೋಶದಲ್ಲಿ ಸಿಟಿಎಲ್‌ಎ-4 ಆರ್‌ಎನ್‌ಎ ಜೋಡಣೆಯನ್ನು ಚುರುಕುಗೊಳಿಸುತ್ತದೆ. ಗಡ್ಡೆ ತನ್ನ ಕಸದಿಂದಲೇ ತನ್ನ ಕಾವಲುಗಾರನಿಗೆ ಆಯುಧ ಒದಗಿಸುತ್ತದೆ.

ಕ್ಯಾನ್ಸರಿಗೆ ಇಮ್ಯುನೊಥೆರಪಿ ತೆಗೆದುಕೊಂಡ ಮೇಲೆ ಥೈರಾಯ್ಡ್, ಭೇದಿ ಶುರುವಾಯಿತು. ಏಕೆ?

ಈ ಪ್ರಶ್ನೆ ಬಂದದ್ದು ಮೈಸೂರಿನ ಓದುಗರೊಬ್ಬರಿಂದ, ಅವರ ತಂದೆಯ ಬಗ್ಗೆ. 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಪಿಲಿಮುಮಾಬ್ ಎಂಬ ಕ್ಯಾನ್ಸರ್ ಔಷಧ ಸಿಟಿಎಲ್‌ಎ-4ನ್ನು ಕಟ್ಟಿಹಾಕುತ್ತದೆ. ಟಿ ಕೋಶದ ಇನ್ನೊಂದು ಬ್ರೇಕ್ ಆದ ಪಿಡಿ-1 ಪ್ರೋಟೀನನ್ನು ತಡೆಯುವ ಔಷಧಗಳೂ ಇಂಥ ಬ್ರೇಕ್ ಸಡಿಲಿಸುವವೇ. ಗಡ್ಡೆಯಲ್ಲಿ ಬ್ರೇಕ್ ಸಡಿಲಿಸಿದರೆ ಕರುಳಲ್ಲಿ, ಥೈರಾಯ್ಡಿನಲ್ಲಿ, ಪಿಟ್ಯುಟರಿಯಲ್ಲಿ ಕೂಡ ಸಡಿಲಾಗುತ್ತದೆ. ಹುಟ್ಟಿನಿಂದಲೇ ಸಿಟಿಎಲ್‌ಎ-4 ಅರ್ಧದಷ್ಟೇ ಇರುವ ಜನರನ್ನು 2014ರಲ್ಲಿ ಗುರುತಿಸಿದಾಗ, ಅವರಲ್ಲೂ ಕರುಳಿನ ಉರಿಯೂತದಂಥ ಇದೇ ಬಗೆಯ ತೊಂದರೆಗಳು ಕಂಡವು. ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ. ಬೇಗ ಹಿಡಿದರೆ ಸ್ಟೀರಾಯ್ಡ್‌ನಿಂದ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ, ತಡವಾದರೆ ಕರುಳು ತೂತಾಗುವ ಅಪಾಯವಿದೆ.

ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ ತೆಗೆದುಕೊಂಡರೆ ಟ್ರೆಗ್ ಸರಿಹೋಗುತ್ತದೆಯೇ?

ಯಾವ ಪುಡಿಯೂ ಫಾಕ್ಸ್‌ಪಿ3ಯ ಸ್ಪ್ಲೈಸಿಂಗ್ ತಿದ್ದುತ್ತದೆ ಎಂದು ರೋಗಿಗಳಲ್ಲಿ ಸಾಬೀತಾಗಿಲ್ಲ. ಸಂಧಿವಾತ, ಲೂಪಸ್ ಇರುವವರ ಕಷ್ಟ ಇಮ್ಯುನಿಟಿ ಕಡಿಮೆಯಾದದ್ದರಿಂದ ಬಂದದ್ದಲ್ಲ, ಹಿಡಿತ ತಪ್ಪಿದ್ದರಿಂದ ಬಂದದ್ದು. ಹೆಚ್ಚಿಸುತ್ತೇವೆ ಎನ್ನುವ ಜಾಹೀರಾತು ನಿಮಗೆ ಬೇಕಾದದ್ದರ ಉಲ್ಟಾ ಹೇಳುತ್ತಿದೆ. ಚಿಕ್ಕಮ್ಮ ಒಮ್ಮೆ ಯಾರದೋ ಮಾತು ಕೇಳಿ ವಾರದ ಮೆಥೊಟ್ರೆಕ್ಸೇಟ್ ಬಿಟ್ಟು ಪುಡಿ ಹಿಡಿದರು. ಎರಡು ತಿಂಗಳಲ್ಲಿ ಮಣಿಕಟ್ಟು ಊದಿ ಲೋಟ ಎತ್ತಲಾರದೆ ಹೋದರು. ಅವರ ಬೆರಳುಗಳು ಮತ್ತೆ ಮೊದಲಿನಷ್ಟು ನೇರವಾಗಲಿಲ್ಲ. ಮಾತ್ರೆ ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳಿ.

ನನ್ನ ಫಾಕ್ಸ್‌ಪಿ3 ಯಾವ ರೂಪದ್ದು ಎಂದು ಲ್ಯಾಬ್‌ನಲ್ಲಿ ನೋಡಿಸಬಹುದೇ?

ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಇದು ಇರುವುದಿಲ್ಲ, ಇದ್ದರೂ ಈಗ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ. ಸಂಶೋಧನೆಯಲ್ಲೂ ಎಚ್ಚರ ಬೇಕು. ಫಾಕ್ಸ್‌ಪಿ3 ಗುರುತಿಸುವ ಆಂಟಿಬಾಡಿಗಳಲ್ಲಿ 150ಡಿಯಂಥವು ಎಕ್ಸಾನ್ 2ರ ಭಾಗಕ್ಕೇ ಅಂಟಿಕೊಳ್ಳುತ್ತವೆ. ಗಿಡ್ಡ ರೂಪ ಅವಕ್ಕೆ ಕಾಣುವುದೇ ಇಲ್ಲ. ಬೇರೆ ಆಂಟಿಬಾಡಿಗಳು ಎರಡನ್ನೂ ಹಿಡಿಯುತ್ತವೆ, ಯಾವುದು ಯಾವುದೆಂದು ಹೇಳುವುದಿಲ್ಲ. ಜೊತೆಗೆ, ಮನುಷ್ಯರ ಸಾಮಾನ್ಯ ಟಿ ಕೋಶಗಳೂ ಕೆರಳಿದಾಗ ಸ್ವಲ್ಪ ಕಾಲ ಫಾಕ್ಸ್‌ಪಿ3 ತೋರಿಸುತ್ತವೆ. ಇಂಥ ಯಾವುದೇ ಅಧ್ಯಯನ ಓದುವಾಗ ನಾನು ಮೊದಲು ಹುಡುಕುವುದು ಯಾವ ಆಂಟಿಬಾಡಿ ಬಳಸಿದ್ದಾರೆ ಎಂಬುದನ್ನು. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೂ ನನ್ನ ಕೋರಿಕೆ ಅದೇ: ವರದಿಯಲ್ಲಿ ಆ ಒಂದು ಸಾಲು ಬಿಡಬೇಡಿ.

ಸ್ಪ್ಲೈಸಿಂಗ್ ತಿದ್ದುವ ಔಷಧ ಇದೆಯೇ?

ಇದೆ, ಆದರೆ ಬೇರೆ ಕಾಯಿಲೆಗೆ. ಮಕ್ಕಳ ಸ್ನಾಯು ಸೊರಗಿಸುವ ಎಸ್‌ಎಂಎ ಕಾಯಿಲೆಗೆ 2016ರಲ್ಲಿ ಬಂದ ನುಸಿನರ್ಸೆನ್, ಬಿಟ್ಟುಹೋಗುತ್ತಿದ್ದ ಒಂದು ಎಕ್ಸಾನನ್ನು ಮತ್ತೆ ಸೇರಿಸುವಂತೆ ಮಾಡುತ್ತದೆ. ಅದರ ಹಿಂದೆ ಏಡ್ರಿಯನ್ ಕ್ರೈನರ್ ಅವರ ವರ್ಷಗಳ ದುಡಿಮೆ ಇದೆ. 2020ರಲ್ಲಿ ಬಾಯಿಗೆ ಕುಡಿಸುವ ರಿಸ್ಡಿಪ್ಲಾಮ್ ಬಂತು. 2025ರಲ್ಲಿ ಭಾರತದಲ್ಲಿ ಅದರ ಅಗ್ಗದ ಜೆನೆರಿಕ್ ಸಿಗತೊಡಗಿತು. ಮಗುವಿನ ಔಷಧಕ್ಕೆಂದು ಊರೂರು ಹಣ ಕೇಳಿದ ತಂದೆತಾಯಿಯರ ಫೋಟೊ ನೋಡಿದ ನಮಗೆಲ್ಲ ಆ ಸುದ್ದಿಯ ತೂಕ ಗೊತ್ತು.

ನುಸಿನರ್ಸೆನ್‌ನಂತೆಯೇ ಆರ್‌ಎನ್‌ಎಗೆ ಅಂಟಿಕೊಳ್ಳುವ ಸಣ್ಣ ಪಟ್ಟಿಗಳನ್ನು ಬಳಸಿ ಫಾಕ್ಸ್‌ಪಿ3ಯ ರೂಪ ಬದಲಿಸಬಹುದು ಎಂದು ಪ್ರಯೋಗಾಲಯದ ಟಿ ಕೋಶಗಳಲ್ಲಿ ತೋರಿಸಿದ್ದಾರೆ. ರೋಗಿಗೆ ತಲುಪಿಸುವುದೇ ಕಷ್ಟ. ಎಸ್‌ಎಂಎಯಲ್ಲಿ ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ಔಷಧ ಬೇಕಾದಲ್ಲಿಗೇ ಹೋಗುತ್ತದೆ; ಟಿ ಕೋಶಗಳೋ ಮೈಯೆಲ್ಲ ಅಲೆಯುತ್ತವೆ, ಇಂಥ ಔಷಧವನ್ನು ಸುಲಭಕ್ಕೆ ಒಳಬಿಟ್ಟುಕೊಳ್ಳುವುದಿಲ್ಲ. ಎಕ್ಸಾನ್ 2 ಹೆಚ್ಚಿಸಿದರೆ ಸಂಧಿವಾತಕ್ಕೆ ಒಳ್ಳೆಯದಾದೀತು, ಅದೇ ಮನುಷ್ಯನಲ್ಲಿ ಅಡಗಿರುವ ಗಡ್ಡೆಗೂ ಅನುಕೂಲವಾದೀತು. ಆದ್ದರಿಂದ ಯಾವ ಕೋಶಕ್ಕೆ ಕೊಡುತ್ತೇವೆ ಎಂಬುದನ್ನು ಬಗೆಹರಿಸದೆ ಮುಂದೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೋಶಗಳನ್ನು ಹೊರಗೆ ತೆಗೆದು ತಿದ್ದುವ ದಾರಿ ಹೆಚ್ಚು ಭರವಸೆಯದು. ಸ್ಟ್ಯಾನ್‌ಫರ್ಡ್‌ನ ರೋಸಾ ಬಾಚೆಟ್ಟಾ ಅವರ ತಂಡ ಐಪೆಕ್ಸ್ ರೋಗಿಗಳ ಸ್ವಂತ ಟಿ ಕೋಶಗಳಿಗೆ ಫಾಕ್ಸ್‌ಪಿ3 ಸೇರಿಸಿ ಮರಳಿ ಕೊಡುವ ಪ್ರಯೋಗ ನಡೆಸುತ್ತಿದೆ. ಹೀಗೆ ಸೇರಿಸುವ ಪ್ರತಿಯಲ್ಲಿ ಇಂಟ್ರಾನ್‌ಗಳನ್ನು ಮೊದಲೇ ತೆಗೆದಿರುತ್ತಾರೆ. ಹೀಗಾಗಿ ಎಕ್ಸಾನ್ 2 ಬಿಟ್ಟುಹೋಗುವ ದಾರಿಯೇ ಅಲ್ಲಿಲ್ಲ.

ನಮ್ಮ ಮಗುವಿಗೆ ಐಪೆಕ್ಸ್ ಇರಬಹುದೇ ಎಂದು ಯಾವಾಗ ಕೇಳಬೇಕು?

ಇದು ಬಹಳ ಅಪರೂಪ, ಹೆದರಬೇಡಿ. ಆದರೆ ಗಂಡುಮಗುವಿಗೆ ಹುಟ್ಟಿದ ಕೆಲವೇ ವಾರ ಅಥವಾ ತಿಂಗಳಲ್ಲಿ ನಿಲ್ಲದ ನೀರುಭೇದಿ, ಮೈತುಂಬಾ ಇಸುಬು, ಅದರ ಜೊತೆಗೆ ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕಂಡರೆ, ತೂಕ ಏರದಿದ್ದರೆ, ಮಕ್ಕಳ ತಜ್ಞರ ಬಳಿ ಫಾಕ್ಸ್‌ಪಿ3 ಜೀನ್ ಪರೀಕ್ಷೆಯ ಮಾತೆತ್ತಿ. ತಾಯಿಯ ತವರಿನ ಕಡೆ ಗಂಡುಕೂಸುಗಳು ಎಳೆಯದರಲ್ಲೇ ತೀರಿಕೊಂಡ ನೆನಪು ಯಾರಿಗಾದರೂ ಇದ್ದರೆ ಅದನ್ನೂ ಹೇಳಿ. ಅಜ್ಜಿಯನ್ನು ಕೇಳಿದರೆ ಗೊತ್ತಾಗುತ್ತದೆ. ಈ ಜೀನ್ ಎಕ್ಸ್ ಕ್ರೋಮೊಸೋಮ್ ಮೇಲಿರುವುದರಿಂದ ತಾಯಿ ಆರೋಗ್ಯವಾಗಿಯೇ ಇರುತ್ತಾರೆ: ಅವರ ಎರಡು ಎಕ್ಸ್‌ಗಳಲ್ಲಿ ಒಳ್ಳೆಯದನ್ನು ಬಳಸುವ ಕೋಶಗಳೇ ಟ್ರೆಗ್ ಆಗಿ ಉಳಿದುಕೊಳ್ಳುತ್ತವೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ, ಯಾರಾದರೂ ಹಾಗೆ ಅಂದರೆ ಈ ಸಾಲು ತೋರಿಸಿ. ಖಚಿತವಾದರೆ ಮೂಳೆಮಜ್ಜೆಯ ಕಸಿಯಿಂದ ಗುಣಪಡಿಸುವ ದಾರಿ ಇದೆ. ಅಂಗಗಳು ಹಾಳಾಗುವ ಮೊದಲೇ ಮಾಡಿದರೆ ಫಲ ಹೆಚ್ಚು.